ಮುರುಗಲು: ಮರಕ್ಕೊಂದು ಹಣ್ಣು

ಮೇ 21, 2025, ಬುಧವಾರ

ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುವುದು ಉತ್ತರ ಕನ್ನಡದಲ್ಲಿ ಮುರುಗಲು, ಅಂದರೆ ಕೋಕಂ. ಒಂದೇ ಬೆಟ್ಟದ ಮರಗಳ ಹಣ್ಣನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟರೆ ಎಲ್ಲವೂ ಒಂದೇ ಜಾತಿಯವೆಂದು ನಂಬುವುದು ಕಷ್ಟ. ಒಂದು ನಿಂಬೆಹಣ್ಣಿನ ಗಾತ್ರ, ಇನ್ನೊಂದು ದೊಡ್ಡ ಗೋಲಿಯಷ್ಟು. ಒಂದು ಕಪ್ಪಿಗೆ ತಿರುಗಿದ ಕೆಂಪು, ಮತ್ತೊಂದು ಪೂರ್ತಿ ಹಣ್ಣಾದರೂ ಹಳದಿ. ಹಳದಿಯದನ್ನು ಕಾಯಿ ಎಂದು ಬಿಡಬೇಡಿ, ಅದು ಬಿಳಿ ಮುರುಗಲು.

ಈ ವ್ಯತ್ಯಾಸ ಅಳೆಯ ಹೊರಟವರು ಎಡವುವುದು ಹಣ್ಣು ಆರಿಸುವಲ್ಲೇ. ಬುಡದಲ್ಲಿ ಬಿದ್ದಿದ್ದನ್ನು ಬಾಚಿ ತಂದರೆ ಸಿಗುವುದು ಮಂಗ ಬಿಟ್ಟುಹೋದ ಹಣ್ಣಿನ ಲೆಕ್ಕ, ಮರದ ಲೆಕ್ಕವಲ್ಲ. ಒಂದೇ ಮರದ 100 ಹಣ್ಣಿಗಿಂತ 20 ಮರಗಳ ತಲಾ 5 ಹಣ್ಣು ಹೆಚ್ಚು ಹೇಳುತ್ತವೆ. ಮೇಲಿನ ರೆಂಬೆ, ಕೆಳಗಿನ ರೆಂಬೆ ಎರಡರಿಂದಲೂ ಕೊಯ್ಯಬೇಕು. ಚೀಟಿಯಲ್ಲಿ ಮರದ ನಂಬರು ಪೆನ್ಸಿಲ್ಲಿನಲ್ಲೇ ಇರಲಿ. ಶಾಯಿಯಾದರೆ ರಸ ತಾಗಿ ಕಲಸಿಹೋಗುತ್ತದೆ. ತೂಕ ಅದೇ ದಿನ ಆಗಬೇಕು, ಮರುದಿನಕ್ಕೆ ಹಣ್ಣು ಬಾಡಿರುತ್ತದೆ.

ಮೊದಲು ಇಡೀ ಹಣ್ಣು ತೂಗಿ. ಅಡ್ಡಕ್ಕೆ ಕೊಯ್ದು ಬೀಜವನ್ನು ಬಿಳಿ ತಿರುಳಿನ ಸಮೇತ ಬಗೆದು ತೆಗೆದು, ಸಿಪ್ಪೆ ಬೇರೆ, ಒಳಗಿನದು ಬೇರೆ ತೂಗಿ. ಆಮೇಲೆ ಬೀಜ ಎಣಿಸಿ (ಸಾಮಾನ್ಯವಾಗಿ 5ರಿಂದ 8), ಬೂದಿ ಹಾಕಿ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ಒರೆಸದಿದ್ದರೆ ಬೀಜಕ್ಕೆ ಅಂಟಿದ ನೀರೂ ಬೀಜವಾಗಿ, ಅಷ್ಟು ತಿರುಳು ಲೆಕ್ಕದಲ್ಲಿ ಮಾಯವಾಗುತ್ತದೆ. 30 ಗ್ರಾಂ ಹಣ್ಣಿನಲ್ಲಿ ಸಿಪ್ಪೆ 16, ತೊಳೆದ ಬೀಜ 6 ಬಂತೆಂದುಕೊಳ್ಳಿ: ತಿರುಳು 8. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು.

ಈ 8 ಗ್ರಾಮೇ ಮುಖ್ಯ. ನಮಗೆ ಬೇಕಾದ್ದು ಸಿಪ್ಪೆ, ಸಾರಿಗೂ ಶರಬತ್ತಿಗೂ ಅದೇ. ಮಂಗಕ್ಕೆ ಬೇಕಾದ್ದು ಬೀಜಕ್ಕೆ ಕಚ್ಚಿಕೊಂಡ ತಿರುಳು. ಅದು ಸಲೀಸಾಗಿ ಬಿಡದ ಕಾರಣ ಬೀಜದ ಜೊತೆಗೇ ಗಲ್ಲಕ್ಕೆ ತುಂಬಿಕೊಂಡು ಹೋಗಿ, ಚೀಪಿ, ಇನ್ನೆಲ್ಲೋ ಉಗುಳುತ್ತದೆ. ಹಾಗಾಗಿ ದಪ್ಪ ಸಿಪ್ಪೆಯ ‘ಒಳ್ಳೆಯ ಮರ’ ಮಂಗದ ಕಣ್ಣಿಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಬರೀ ಹಣ್ಣಿನ ತೂಕ ಬರೆದಿಟ್ಟ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. (ಮುರುಗಲಿನ ಹತ್ತಿರದ ನಂಟ ಉಪ್ಪಾಗೆ ಮರದಲ್ಲಿ ಪೈಪೋಟಿ ಇನ್ನೂ ನೇರ: ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕ ತಿನ್ನುವ ಹಣ್ಣನ್ನೇ ಜನ ಸಿಪ್ಪೆಗಾಗಿ ಕೊಯ್ಯುತ್ತಾರೆ.)

ತೂಗಿದ ಬೀಜ ಎಸೆಯಬೇಡಿ. ಬಿಸಿಲಿಗೂ ಹಾಕಬೇಡಿ, ಒಣಗಿದರೆ ಸತ್ತಂತೆ. ನೆರಳಲ್ಲಿ ನೀರಾರಿಸಿ ಬೇಗ ಬಿತ್ತಿ, ಬಿತ್ತಿದ ತೊಟ್ಟೆಗೂ (ಪ್ಲಾಸ್ಟಿಕ್ ಚೀಲಕ್ಕೂ) ಮರದ ಅದೇ ನಂಬರು ಹಾಕಿ. ಬೀಜದ ಗಿಡ ತಾಯಿಮರದಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ, ಹೆಚ್ಚೂಕಡಿಮೆ ಅರ್ಧ ಹಣ್ಣು ಬಿಡದ ಗಂಡು ಗಿಡಗಳೇ ಆಗುತ್ತವೆ. ಮೆಚ್ಚಿದ ಮರದ ಹಣ್ಣೇ ಬೇಕಿದ್ದರೆ ಕಸಿ ಕಟ್ಟಬೇಕು, ಅದೂ ನೆಟ್ಟಗೆ ಮೇಲಕ್ಕೆ ಹೋಗುವ ಕುಡಿಯಿಂದ. ಅಡ್ಡ ರೆಂಬೆಯ ಕುಡಿ ಕಟ್ಟಿದರೆ ಗಿಡ ಎತ್ತರವಾಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ.