ನೋಟಿಸ್ ಬೋರ್ಡಿನಿಂದ ಕಿತ್ತು ತಂದ ಹಾಳೆ

ನಮ್ಮ ಕಾಲದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ನೋಟಿಸ್ ಬೋರ್ಡ್ ಇತ್ತು. ಫೀಸು ಕಟ್ಟುವ ತಾರೀಕು, ಹಾಜರಿ ಕಡಿಮೆ ಇರುವವರ ಪಟ್ಟಿ, ಬಸ್ ಪಾಸಿನ ವಿಚಾರ, ಎಲ್ಲಾ ಅಲ್ಲೇ. 1994ರಲ್ಲಿ ನಾವು ಕೊನೆಯ ವರ್ಷದಲ್ಲಿದ್ದಾಗ ಅವುಗಳ ನಡುವೆ ಟೈಪ್ ಮಾಡಿದ ಒಂದು ಹಾಳೆ ಬಂದು ಕೂತಿತ್ತು. ಡಿಪ್ಲೊಮಾ ಮುಗಿಸಿದವರಿಗೆ ಶರಾವತಿ ವಿದ್ಯುದಾಗಾರದಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ, ತಿಂಗಳು ತಿಂಗಳು ಸ್ಟೈಪೆಂಡ್, ಅರ್ಜಿ ಹಾಕಿ ಅಂತ. ನಾನು ಅದನ್ನು ಓದಿರಲಿಲ್ಲ. ಓದಿದ ಗೆಳೆಯರೂ ಅದು ಬೇರೆ ಯಾರಿಗೋ ಇರಬೇಕು ಅಂದುಕೊಂಡು ಮುಂದೆ ಹೋಗಿದ್ದರು.

ಕಡೆಯ ದಿನಕ್ಕೆ ಒಂದು ವಾರ ಇರುವಾಗ ನಮ್ಮ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು ಆ ಹಾಳೆಯನ್ನು ಪಿನ್ನು ಸಮೇತ ಕಿತ್ತು ಕ್ಲಾಸಿಗೇ ತಂದರು. ಪಾಠ ಮಾಡಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ, "ನೀನು ಯಾಕೆ ಹಾಕಿಲ್ಲ?" ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

"ಇದು ಯಾರೋ ನಿಮಗೆ ಮಾಡೋ ಉಪಕಾರ ಅಲ್ಲ ಕಣ್ರೋ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಮೊದಲು ಐಟಿಐ ತರದ ಕಸುಬಿನವರಿಗೆ ಮಾತ್ರ ಇತ್ತು. 1973ರಲ್ಲಿ ತಿದ್ದುಪಡಿ ಮಾಡಿ ಡಿಪ್ಲೊಮಾದವರನ್ನೂ ಇಂಜಿನಿಯರಿಂಗ್ ಪದವಿಯವರನ್ನೂ ಸೇರಿಸಿದ್ರು. ನಮ್ಮ ದಕ್ಷಿಣದ ರಾಜ್ಯಗಳಿಗೆ ಮದ್ರಾಸಿನಲ್ಲಿ ಒಂದು ಮಂಡಳೀನೇ ಇದೆ. ಸ್ಟೈಪೆಂಡಿನಲ್ಲಿ ಅರ್ಧ ಪಾಲು ಕೇಂದ್ರ ಸರ್ಕಾರ ಕೊಡುತ್ತೆ. ಜಾಗ ಇದೆ, ಹೋಗೋರಿಲ್ಲ." ಇಷ್ಟು ಹೇಳಿ ಮೇಜಿನ ಮೇಲೆ ಅರ್ಜಿ ನಮೂನೆಗಳನ್ನು ಇಟ್ಟರು. ಸ್ವಂತ ದುಡ್ಡಿನಲ್ಲಿ ಜೆರಾಕ್ಸ್ ಮಾಡಿಸಿದ್ದರು. ಅವತ್ತು ನಾವು ಹನ್ನೊಂದು ಜನ ತುಂಬಿದೆವು. ಆಯ್ಕೆಯಾದವರು ನಾಲ್ಕು ಜನ. ಅದರಲ್ಲಿ ನಾನೂ ಒಬ್ಬ.

ತೊಡಕು ಬಂದದ್ದು ಆಮೇಲೆ. ನನಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳು ಬೇಕಿತ್ತು. ಹಾಗಾಗಿ ಕರಾರು ಪತ್ರಕ್ಕೆ ಅಪ್ಪನ ಸಹಿ ಬೇಕು. ಅಪ್ಪ ಹಾಕುವುದಿಲ್ಲ ಅಂದರು.

ನಾವು ಮುಳುಗಡೆಯವರು. ಶರಾವತಿ ಕಣಿವೆಯಲ್ಲಿ ನಮಗೆ ಗದ್ದೆ ಇತ್ತು, ಒಂದಿಷ್ಟು ಅಡಿಕೆ ತೋಟ ಇತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯುವ ಹೊತ್ತಿಗೆ ಊರಿಗೆ ಊರೇ ಎದ್ದು ಬಂದಿತ್ತು. ಅಪ್ಪನಿಗೆ ಆಗ ಹನ್ನೆರಡು ವರ್ಷ. ದನಗಳನ್ನು ಹೊಡೆದುಕೊಂಡು, ಬಾಗಿಲು ಚೌಕಟ್ಟು ಬಿಚ್ಚಿ ಲಾರಿಗೆ ಹಾಕಿಕೊಂಡು ಆಯನೂರಿನ ಆಚೆ ಕಾಡಿನ ಅಂಚಿಗೆ ಬಂದು ಇಳಿದವರು. ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ. "ಆ ನೀರಿನ ಹತ್ತಿರ ನನ್ನ ಮಗ ಹೋಗೋದು ಬೇಡ," ಅಂತ ಅಪ್ಪ ಒಂದೇ ಮಾತು ಹೇಳಿ ಎದ್ದು ಹೋದರು.

ಮೇಷ್ಟ್ರಿಗೆ ಹೇಳಿದೆ. ಭಾನುವಾರ ಬೆಳಗ್ಗೆ ಅವರು ಸಾಗರದ ಬಸ್ಸಿನಲ್ಲಿ ಬಂದು, ಆಯನೂರಿನಲ್ಲಿ ಇಳಿದು, ನಾಲ್ಕು ಮೈಲಿ ನಡೆದು ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಅಪ್ಪನ ಜೊತೆ ಅಪ್ರೆಂಟಿಸ್ ಸುದ್ದಿಯೇ ಎತ್ತಲಿಲ್ಲ. ಮುಳುಗಿದ ಊರಿನ ಬಗ್ಗೆ ಕೇಳಿದರು. ಯಾರ ಮನೆ ಎಲ್ಲಿತ್ತು, ದೇವಸ್ಥಾನ ಯಾವ ದಿಕ್ಕಿಗಿತ್ತು, ಹೊಳೆ ದಾಟುತ್ತಿದ್ದದ್ದು ಹೇಗೆ. ಅಪ್ಪ ಅಷ್ಟೊಂದು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಊಟ ಆದ ಮೇಲೆ ಮೇಷ್ಟ್ರು ಇಷ್ಟೇ ಅಂದರು: "ನೀವು ಕೊಟ್ಟ ನೆಲ ಅದು. ಅಲ್ಲಿ ಬೇರೆಯವರ ಮಕ್ಕಳೇ ಯಾಕೆ ಕೆಲಸ ಮಾಡಬೇಕು?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಪೆನ್ನು ಕೇಳಿ ಸಹಿ ಹಾಕಿದರು. ಕೆಳಗೆ ಊರು ಅನ್ನುವ ಕಡೆ ಮುಳುಗಿದ ಊರಿನ ಹೆಸರನ್ನೇ ಬರೆದರು. ಮೇಷ್ಟ್ರು ಅದನ್ನು ನೋಡಿದರು. ತಿದ್ದಿ ಅನ್ನಲಿಲ್ಲ. ಇಂಕು ಆರಲಿ ಅಂತ ಊದಿ, ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು.

ಪವರ್ ಹೌಸಿನ ಆ ಒಂದು ವರ್ಷ ನನಗೆ ಈಗಲೂ ದಿನದಿನವಾಗಿ ನೆನಪಿದೆ. ಮೊದಲ ವಾರ ನೀರಿನ ದಾರಿಯನ್ನು ತೋರಿಸಿದರು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಲ್ಲಿಂದ ನೀರು ತಳಕಳಲೆಯ ಸಣ್ಣ ಜಲಾಶಯಕ್ಕೆ ಬರುತ್ತದೆ. ತಳಕಳಲೆಯಿಂದ ದೊಡ್ಡ ಪೈಪುಗಳಲ್ಲಿ ಘಟ್ಟದ ಕೆಳಗೆ, 400 ಮೀಟರಿಗೂ ಜಾಸ್ತಿ ಆಳಕ್ಕೆ ಬೀಳುತ್ತದೆ. ಕೆಳಗೆ ಹತ್ತು ಘಟಕಗಳು, ಒಂದೊಂದೂ 103.5 ಮೆಗಾವ್ಯಾಟ್, ಒಟ್ಟು 1035. ಈ ಲೆಕ್ಕ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ಯಂತ್ರದ ಪಕ್ಕ ನಿಂತು ಕಾಲಿನ ಕೆಳಗೆ ನೆಲ ಸಣ್ಣಗೆ ನಡುಗಿದಾಗಲೇ ಅದರ ಅರ್ಥ ಮೈಗೆ ಹತ್ತಿದ್ದು.

ನವೆಂಬರಿನಲ್ಲಿ ಒಂದು ಘಟಕವನ್ನು ನಿರ್ವಹಣೆಗೆ ನಿಲ್ಲಿಸಿದರು. ಮುಖ್ಯ ವಾಲ್ವ್ ಮುಚ್ಚಿ, ಬೀಗ ಹಾಕಿ, ಕೆಂಪು ಚೀಟಿ ಕಟ್ಟಿ, ಪರ್ಮಿಟ್ ಕೈಗೆ ಬಂದ ಮೇಲೆ ನಮ್ಮನ್ನು ಟರ್ಬೈನಿನ ಗುಂಡಿಗೆ ಇಳಿಸಿದರು. ನೀರು ಬಡಿದು ತಿರುಗುವ ಪೆಲ್ಟನ್ ಚಕ್ರವನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಚಕ್ರದ ಸುತ್ತ ಉಕ್ಕಿನ ಬಕೆಟ್‌ಗಳು. ಒಂದೊಂದು ಬಕೆಟ್ಟೂ ಎರಡು ಹಾಳೆ ದೊನ್ನೆಗಳನ್ನು ಪಕ್ಕಪಕ್ಕ ಅಂಟಿಸಿದ ಹಾಗೆ, ನಡುವೆ ಚೂಪಾದ ಏಣು. ನೀರಿನ ಧಾರೆ ಆ ಏಣಿಗೆ ಬಡಿದು ಎರಡಾಗಿ ಸೀಳಿ ಎರಡೂ ಕಡೆಯಿಂದ ತಿರುಗಿ ಹೊರಗೆ ಹೋಗಬೇಕು. ಏಣು ಸವೆದರೆ ಧಾರೆ ಸರಿಯಾಗಿ ಸೀಳುವುದಿಲ್ಲ.

ನಮ್ಮ ಫೋರ್‌ಮನ್ ಮೊದಲು ಕೈಗವಸು ತೆಗೆಯಿರಿ ಅಂದರು. "ಬೆರಳಲ್ಲಿ ನೋಡು." ಸವರಿದರೆ ಒಂದು ಕಡೆ ನುಣುಪು, ಒಂದು ಕಡೆ ಇರುವೆ ಕಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಆಮೇಲೆ ಬಕೆಟ್ಟಿನ ಬುಡಕ್ಕೆ ಕೆಂಪು ಬಣ್ಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಬಿಳಿ ಪುಡಿಯ ದ್ರವ ಸಿಂಪಡಿಸಿದೆವು. ಏನೂ ಇಲ್ಲ, ಬರೀ ಬಿಳಿ. ನೋಡ್ತಾ ನೋಡ್ತಾ ಒಂದು ಬಕೆಟ್ಟಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಎದ್ದು ಬಂತು. ಕಣ್ಣಿಗೆ ಕಾಣದಿದ್ದ ಬಿರುಕು. ಫೋರ್‌ಮನ್ ಅದರ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೀಚಿ, "ಇದನ್ನ ನೀನು ಹುಡುಕಿದ್ದು ಅಂತ ಲಾಗ್ ಬುಕ್ಕಿನಲ್ಲಿ ಬರಿ," ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಅದೇ ವಾರ ಒಂದು ತಪ್ಪೂ ಆಯಿತು. ಗುಂಡಿಯಿಂದ ಮೇಲೆ ಬರುವಾಗ ಉಪಕರಣಗಳನ್ನು ಎಣಿಸುತ್ತಾರೆ. ಒಂದು ಸ್ಪ್ಯಾನರ್ ಕಡಿಮೆ ಬಂತು. ನನ್ನ ಕೈಗೆ ಕೊಟ್ಟಿದ್ದು. ಯಾರೂ ಬೈಯಲಿಲ್ಲ, ಆದರೆ ಯಾರೂ ಮನೆಗೂ ಹೋಗಲಿಲ್ಲ. ಎಂಟು ಜನ ಟಾರ್ಚು ಹಿಡಿದು ಎರಡು ಗಂಟೆ ಹುಡುಕಿದೆವು. ನೀರು ಚಿಮ್ಮುವ ನಳಿಕೆಯ ಹಿಂದಿನ ಅಂಚಿನ ಮೇಲೆ ನಾನೇ ಇಟ್ಟು ಮರೆತಿದ್ದೆ. ಅದು ಅಲ್ಲೇ ಉಳಿದು, ಚಕ್ರ ತಿರುಗಿ, ಅದಕ್ಕೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಫೋರ್‌ಮನ್ ಮರುದಿನ ಚಿತ್ರ ಬರೆದು ತೋರಿಸಿದರು. ಇವತ್ತಿಗೂ ನಾನು ಮೂರು ಸಲ ಎಣಿಸುತ್ತೇನೆ.

ಅಪ್ರೆಂಟಿಸ್ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕು ಅಂತ ಕಾಯಿದೆಯಲ್ಲಿಲ್ಲ. ಇದನ್ನು ಈಗಿನ ಮಕ್ಕಳಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕಡೆಗೆ ಬೇಜಾರಾಗುತ್ತಾರೆ. ಆದರೆ ಉಳಿದದ್ದೆಲ್ಲ ಸಮ ಇದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಇರಲಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ನಾನು ಮುಗಿಸಿ ಬಂದ ವರ್ಷವೇ ಅದು. ಮುಂದೆ ಒಂದೂವರೆ ವರ್ಷ ಬೇರೆ ಕಡೆ ದುಡಿದು, ಪರೀಕ್ಷೆ ಬರೆದು, ಅದೇ ಪವರ್ ಹೌಸಿಗೆ ವಾಪಸ್ ಬಂದೆ. ಸಂದರ್ಶನದಲ್ಲಿ ಕೇಳಿದ್ದು ಪೆಲ್ಟನ್ ಬಕೆಟ್ಟಿನ ಬಗ್ಗೆ. ನಾನು ಪುಸ್ತಕದಿಂದ ಹೇಳಲಿಲ್ಲ.

ಈಗ ಬರುವ ಅಪ್ರೆಂಟಿಸ್‌ಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಎಲ್ಲಾ ಆನ್‌ಲೈನ್ ಆಗಿದೆ. ನ್ಯಾಟ್ಸ್ ಅನ್ನುವ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಡಿಪ್ಲೊಮಾದವರಿಗೆ 8000, ಪದವಿಯವರಿಗೆ 9000 ರೂಪಾಯಿ ಮಾಡಿದರು. ಮನೆ ಬಿಟ್ಟು ಬಂದು ರೂಮು ಮಾಡಿಕೊಂಡು ಇರುವ ಹುಡುಗಿಗೆ ಅದು ಸಾಲುತ್ತಿರಲಿಲ್ಲ, ಇದನ್ನು ನಾನು ಎಲ್ಲಾ ಕಡೆ ಹೇಳುತ್ತಲೇ ಬಂದಿದ್ದೇನೆ. ಇನ್ನೊಂದು ಸಂಕಟವೂ ಇದೆ. ನನಗೆ ಗೊತ್ತಿರುವ ಒಂದು ಕಚೇರಿಯಲ್ಲಿ ಇಬ್ಬರು ಮಕ್ಕಳನ್ನು ವರ್ಷಪೂರ್ತಿ ಜೆರಾಕ್ಸ್ ಮಾಡಲು, ಫೈಲು ಹೊರಲು ಇಟ್ಟುಕೊಂಡಿದ್ದರು. ಅವರಿಗೆ ಯಾರೂ ಕೈಗವಸು ತೆಗಿ, ಬೆರಳಲ್ಲಿ ನೋಡು ಅನ್ನಲಿಲ್ಲ. ಆ ವರ್ಷ ಮತ್ತೆ ಸಿಗುತ್ತದಾ?

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಬೇರೆ. ನಮ್ಮಲ್ಲಿಗೆ ಕಲಬುರಗಿಯಿಂದ, ವಿಜಯಪುರದಿಂದ ಮಕ್ಕಳು ರಾತ್ರಿ ಬಸ್ಸು ಹತ್ತಿ ಬರುತ್ತಾರೆ. ಬರಲಿ, ತುಂಬಾ ಚೆನ್ನಾಗಿ ಕಲಿಯುತ್ತಾರೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಅಷ್ಟು ಬರುವುದಿಲ್ಲ. ಕೇಳಿದರೆ, "ಗೊತ್ತೇ ಇರಲಿಲ್ಲ ಸಾರ್," ಅನ್ನುತ್ತಾರೆ. ಪೋರ್ಟಲ್ ಅನ್ನುವುದೂ ಒಂದು ನೋಟಿಸ್ ಬೋರ್ಡೇ ಅಲ್ವಾ? ಕಿತ್ತು ಕ್ಲಾಸಿಗೆ ತರುವವರು ಬೇಕು.

ಮೇಷ್ಟ್ರು ಈಗಿಲ್ಲ. ಅಪ್ಪನೂ ಇಲ್ಲ. ನನ್ನ ತರಬೇತಿಯ ವರ್ಷದ ಬೇಸಿಗೆಯಲ್ಲಿ ಅಪ್ಪ ಒಮ್ಮೆ ಬಂದಿದ್ದರು. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿಸಿ ಹಿನ್ನೀರಿನ ನಡುವೆ ಕರೆದುಕೊಂಡು ಹೋದೆ. ಒಂದು ಕಡೆ ಬೆರಳು ಮಾಡಿ, "ತೋಟ ಅಲ್ಲಿತ್ತು," ಅಂದರು. ತುಂಬಾ ಹೊತ್ತಿನ ಮೇಲೆ, "ಈ ನೀರೇನಾ ನಿನ್ನ ಯಂತ್ರಕ್ಕೆ ಬರೋದು?" ಅಂತ ಕೇಳಿದರು. ಹೌದು ಅಂದೆ. ಬಗ್ಗಿ ಒಂದು ಬೊಗಸೆ ನೀರು ತೆಗೆದು ಮುಖಕ್ಕೆ ಹಾಕಿಕೊಂಡರು.

ಕರಾರು ಪತ್ರದ ನನ್ನ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಊರು ಅನ್ನುವ ಕಡೆ ಅಪ್ಪನ ಅಕ್ಷರ ಸ್ವಲ್ಪ ಮಾಸಿದೆ, ಓದಲು ಬರುತ್ತದೆ. ಈ ಸಲದ ಅರ್ಜಿ ಶುರುವಾದ ಕೂಡಲೇ ಒಂದು ಶನಿವಾರ ಕಾಲೇಜಿಗೆ ಬರುತ್ತೇನೆ ಅಂತ ಪ್ರಾಂಶುಪಾಲರಿಗೆ ಹೇಳಿದ್ದೇನೆ. ಕೊನೆಯ ವರ್ಷದವರು ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡಿರಿ. ಅಲ್ಲೇ ಕೂತು ತುಂಬೋಣ. ಮನೆಯಲ್ಲಿ ಬೇಡ ಅನ್ನುವವರಿದ್ದರೆ ನನಗೆ ಊರಿನ ಹೆಸರು ಹೇಳಿ. ಭಾನುವಾರ ಬರುತ್ತೇನೆ.