ಕುಡಿದು ಬಂದವರ ಹುಬ್ಬು

ರಜೆಗೆ ಊರಿಗೆ ಬಂದವಳು ಉಡುಪಿಯಲ್ಲಿ ಗೆಳತಿಯ ಪಾರ್ಲರಿನಲ್ಲಿ ಕೂತು ಪಟ್ಟಾಂಗ ಹೊಡೆಯುತ್ತಿದ್ದೆ. "ನಿಮ್ಮ ಇಂಗ್ಲೆಂಡಿನ ಸಲೂನಿಗೆ ಹೆಂಗಸರು ಕುಡಿದುಕೊಂಡು ಬರ್ತಾರಂತೆ, ಹೌದಾ ಮಾರಾಯ್ತಿ?" ಅಂದಳು. ಬರುವುದೆಂತ, ಕೆಲವು ಕಡೆ ನಾವೇ ಕೊಡುತ್ತೇವೆ ಅಂದೆ. ಥ್ರೆಡಿಂಗಿನ ನೂಲು ಅವಳ ಹಲ್ಲಿನಿಂದ ಜಾರಿತು. ಕುರ್ಚಿಯಲ್ಲಿದ್ದ ಬಾಯಮ್ಮ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು.

ಇಂಗ್ಲೆಂಡಿನಲ್ಲಿ ನಾನು ಕೆಲಸ ಮಾಡುವ ಸಲೂನಿಗೆ ಶನಿವಾರ ಮದುಮಗಳ ಗೆಳತಿಯರ ಗುಂಪು ಬರುತ್ತದೆ. ಉಗುರಿಗೆ ಬಣ್ಣ, ಕೈಯಲ್ಲಿ ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ವೈನ್. ಅಲ್ಲಿ ಮದ್ಯ ಮಾರಲು 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. 'ಫ್ರೀ' ಎಂದು ಬೋರ್ಡು ಹಾಕಿದರೂ, ಅದರ ದುಡ್ಡು ಫೇಶಿಯಲ್ಲಿನ ಬಿಲ್ಲಿನಲ್ಲಿ ಸೇರಿದ್ದರೆ ಅದೂ ಮಾರಾಟವೇ. ಇದು ಗೊತ್ತಿಲ್ಲದೆ ಬಾಟಲಿ ತೆರೆಯುವವರು ಬೇಕಾದಷ್ಟು ಮಂದಿ.

ಉಗುರಿಗಾದರೆ ದೊಡ್ಡ ತೊಂದರೆ ಇಲ್ಲ, ಕೈ ಅಲುಗಾಡಿದರೆ ಒರೆಸಿ ಮತ್ತೆ ಹಚ್ಚಿದರಾಯಿತು. ವ್ಯಾಕ್ಸಿಂಗ್ ಹಾಗಲ್ಲ. ಮೊದಲ ವರ್ಷ, ಊಟದ ಜೊತೆ ಎರಡು ಗ್ಲಾಸು ಮುಗಿಸಿ ಬಂದ ಹುಡುಗಿಯೊಬ್ಬಳಿಗೆ ಕಾಲಿಗೆ ವ್ಯಾಕ್ಸ್ ಮಾಡಿದೆ. "ಬಿಸಿ ಆಯ್ತಾ?" ಕೇಳಿದರೆ ನಗು. ಅವಳಿಗೆ ಬಿಸಿಯೇ ತಿಳಿಯುತ್ತಿರಲಿಲ್ಲ, ನಾನು ಅವಳ ಮಾತನ್ನೇ ನಂಬಿದ್ದೆ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಮೈ ಬೇಗ ಕೆಂಪೇರುತ್ತದೆ. ಪಟ್ಟಿ ಎಳೆದಲ್ಲೆಲ್ಲ ಬರೆ ಹಾಕಿದ ಹಾಗಾಗಿತ್ತು. ಮರುದಿನ ಅವಳ ಫೋನು, ನಂತರ ಮಾಲಕಿಯ ಬೈಗುಳ.

ಮೈಕ್ರೊಬ್ಲೇಡಿಂಗ್ ಇನ್ನೂ ಸೂಕ್ಷ್ಮ. ಹುಬ್ಬಿನ ಚರ್ಮವನ್ನು ಗೀರಿ ಬಣ್ಣ ಕೂರಿಸುವ ಕೆಲಸ ಅದು. ರಕ್ತ ಹೆಚ್ಚು ಜಿನುಗಿದರೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಹಿಂದಿನ 24 ಗಂಟೆ ಕುಡಿಯಬೇಡಿ ಎಂದು ಮೊದಲೇ ಹೇಳಿರುತ್ತೇವೆ. ಆದರೂ ಒಬ್ಬಾಕೆ ಬಂದರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಪೆನ್ನು ಗೆರೆ ದಾಟಿ ಮೇಜಿನ ಮೇಲೂ ಹೋಯಿತು. ಆ ಸಹಿಯನ್ನು ಒಪ್ಪಿಗೆ ಅನ್ನುವುದು ಹೇಗೆ? ತಿಂಗಳುಗಟ್ಟಲೆ ಮುಖದ ಮೇಲೆ ಉಳಿಯುವ ಹುಬ್ಬು ಅದು.

"ನೀವು ಕುಡಿದಿದ್ದೀರಿ" ಅಂದರೆ ಜಗಳ ಗ್ಯಾರಂಟಿ. ಹಾಗಾಗಿ ತಪ್ಪನ್ನು ಚರ್ಮದ ಮೇಲೆ ಹಾಕುತ್ತೇನೆ: "ಇವತ್ತು ನಿಮ್ಮ ಚರ್ಮ ತುಂಬ ಕೆಂಪಾಗಿದೆ, ಬಣ್ಣ ಹಿಡಿಯುವುದಿಲ್ಲ, ಗುರುವಾರ ಬನ್ನಿ." ನೀರು ಕೊಟ್ಟು, ಟ್ಯಾಕ್ಸಿ ಬರುವವರೆಗೆ ಕೂರಿಸುತ್ತೇನೆ. ಮುಂಗಡ ವಾಪಸು ಕೊಡಬೇಕೋ ಬೇಡವೋ ಎಂಬ ರಗಳೆ ಮಾಲಕಿಗೆ ಬಿಟ್ಟದ್ದು.

ಗೆಳತಿ ಎಲ್ಲ ಕೇಳಿಸಿಕೊಂಡಳು. "ನಮ್ಮಲ್ಲಿ ಅದೆಲ್ಲ ಇಲ್ಲಪ್ಪ" ಅಂದವಳು ಸ್ವಲ್ಪ ಹೊತ್ತು ಬಿಟ್ಟು ತಾನೇ ನಕ್ಕಳು. ಹೋದ ವರ್ಷ ಸುರತ್ಕಲ್ಲಿನ ಒಂದು ಮದರಂಗಿ ರಾತ್ರಿ. ಡಿಜೆ, ಹಿತ್ತಲಲ್ಲಿ ಬಿಯರ್. ಮದುಮಗಳ ಚಿಕ್ಕಮ್ಮ ಹತ್ತು ಗಂಟೆಗೆ ಹತ್ತಿರ ಬಂದು "ನಂಗೂ ಅಪ್ಪರ್ ಲಿಪ್ ವ್ಯಾಕ್ಸ್ ಮಾಡು ಮಗಾ" ಅಂದರಂತೆ. ಬಾಯಲ್ಲಿ ಘಮ. ಹಿರಿಯರು, ಬೇಡ ಅನ್ನುವುದು ಹೇಗೆ? ಮಾಡಿದಳು. ಮರುದಿನ ಮದುವೆಯ ಫೋಟೊಗಳಲ್ಲೆಲ್ಲ ಚಿಕ್ಕಮ್ಮನಿಗೆ ಕೆಂಪು ಮೀಸೆ.

ನಾನು ಹೊರಡುವಾಗ ಅವಳು ಡೈರಿ ತೆಗೆದು ಮುಂದಿನ ಮದುವೆಯ ಪುಟದಲ್ಲಿ ಬರೆಯುತ್ತಿದ್ದಳು: ಮನೆಯವರ ವ್ಯಾಕ್ಸಿಂಗ್, ಮದರಂಗಿಯ ಹಿಂದಿನ ದಿನ, ಬೆಳಿಗ್ಗೆ 10ಕ್ಕೆ.