ಕಪ್ಪು ಪುಡಿ ಬಂದ ಬೋರು

ಅರಸೀಕೆರೆ ಕಡೆ ಯಾರದಾದರೂ ತೋಟಕ್ಕೆ ಬೋರ್ ಗಾಡಿ ಬಂದರೆ ಅಕ್ಕಪಕ್ಕದವರೆಲ್ಲ ಬಂದು ನಿಲ್ಲುತ್ತಾರೆ. ನಮ್ಮ ಸೋದರಮಾವನ ತೋಟದಲ್ಲೂ ನಿಂತಿದ್ದರು. ಮೊದಲು ಕೆಂಪು ಮಣ್ಣು ಬಂತು. ಆಮೇಲೆ ಬಿಳಿ ಪುಡಿ. ಅದಾದ ಮೇಲೆ ಇದ್ದಕ್ಕಿದ್ದ ಹಾಗೆ ಕಪ್ಪು ಪುಡಿ. ನೀರು ಮಾತ್ರ ಬರಲಿಲ್ಲ. ಆದರೆ "ಕಲ್ಲಿದ್ದಲು ಸಿಕ್ಕಿದೆಯಂತೆ" ಅನ್ನುವ ಸುದ್ದಿ ಸಂಜೆಯೊಳಗೆ ಬಾಣಾವರ ಮುಟ್ಟಿತ್ತು.

ಆಗ ನಾನು ರಜೆಗೆ ಊರಿಗೆ ಬಂದಿದ್ದೆ. ನನ್ನ ಕೆಲಸ ಇರುವುದು ತೆಲಂಗಾಣದ ಗೋದಾವರಿ ಕಣಿವೆಯ ಕಲ್ಲಿದ್ದಲು ಸೀಮೆಯಲ್ಲಿ. ಅಲ್ಲಿ ಕೊರೆದ ಬೋರಿನೊಳಗೆ ಉಪಕರಣ ಇಳಿಸಿ ನೆಲದ ಪದರಗಳನ್ನು ಅಳೆಯುತ್ತೇವೆ. ಇದಕ್ಕೆ ಲಾಗಿಂಗ್ ಅಂತೀವಿ. ಬೆಳಿಗ್ಗೆಯೇ ಮಾವ ಫೋನ್ ಮಾಡಿ, "ಅಳಿಯಾ, ಇದು ನಿನ್ನ ಸಬ್ಜೆಕ್ಟು, ಬಂದು ನೋಡಿ ಹೋಗು" ಅಂದರು.

ಹೋದೆ. ಪುಡಿಯ ಗುಡ್ಡೆಯಲ್ಲಿ ಬೆರಳುಗುರಿನಷ್ಟು ದೊಡ್ಡ ಚೂರುಗಳೂ ಇದ್ದವು. ಒಂದು ಹಿಡಿ ಎತ್ತಿಕೊಂಡೆ. ಭಾರ ಇತ್ತು. ಕಲ್ಲಿದ್ದಲು ಅಷ್ಟು ಭಾರ ಇರುವುದಿಲ್ಲ, ನೀರಿನ ಒಂದೂವರೆ ಪಟ್ಟು ತೂಗಿದರೆ ಜಾಸ್ತಿ. ಇದು ಮೂರು ಪಟ್ಟು ತೂಗುವ ಕಲ್ಲು. ಅಯಸ್ಕಾಂತ ಹಿಡಿದರೆ ಸಣ್ಣ ಕಣಗಳು ಹೋಗಿ ಅಂಟಿಕೊಂಡವು. ಡಾಲರೈಟ್. ನಮ್ಮ ಕಡೆ ಹೊಲಗಳಲ್ಲಿ ಸಾಲಾಗಿ ಬಿದ್ದಿರುವ ಗುಂಡಗಿನ ಕರಿಕಲ್ಲು ಇದೆಯಲ್ಲ, ಅದೇ. ಒಂದು ಕಾಲದಲ್ಲಿ ಕರಗಿದ ಕಲ್ಲು ಬಿರುಕಿನಲ್ಲಿ ಮೇಲಕ್ಕೆ ನುಗ್ಗಿ, ಹಾಗೇ ಆರಿ ಗಟ್ಟಿಯಾಗಿದೆ. ಇದಕ್ಕೆ ಡೈಕ್ ಅಂತಾರೆ.

"ಹಾಗಾದರೆ ಇನ್ನೂ ಕೆಳಗೆ ಕಲ್ಲಿದ್ದಲು ಇರಬಹುದಲ್ವಾ?" ಅಂತ ಪಕ್ಕದ ತೋಟದ ಹಿರಿಯರು ಕೇಳಿದರು. ಇಲ್ಲ ಅಂತ ಖಂಡಿತವಾಗಿ ಹೇಳಿದೆ. ಕಲ್ಲಿದ್ದಲು ಅಂದರೆ ಜೌಗಿನಲ್ಲಿ ಹೂತುಹೋದ ಗಿಡಮರ. ಗೋದಾವರಿ ಕಣಿವೆಯ ಕಲ್ಲಿದ್ದಲಿಗೆ ಸುಮಾರು 25ರಿಂದ 30 ಕೋಟಿ ವರ್ಷ. ಹಾಸನದ ನೆಲದ ಬಂಡೆಗೆ 300 ಕೋಟಿ ವರ್ಷ. ಆ ಬಂಡೆ ಹುಟ್ಟಿದಾಗ ಭೂಮಿಯ ಮೇಲೆ ಒಂದು ಗಿಡವೂ ಇರಲಿಲ್ಲ. ಎಷ್ಟು ಆಳಕ್ಕೆ ಹೋದರೂ ಅಷ್ಟೇ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿ ಹೊರ ರಾಜ್ಯದಿಂದ ಬರುವುದು ಇದೇ ಕಾರಣಕ್ಕೆ.

ಆಮೇಲೆ ನಾನು ಮಾವನನ್ನು ಒಂದು ಮಾತು ಕೇಳಿದೆ. "ಕಪ್ಪು ಪುಡಿ ಎಷ್ಟು ಅಡಿಗೆ ಶುರುವಾಯಿತು?" ಯಾರಿಗೂ ಗೊತ್ತಿರಲಿಲ್ಲ. ಒಬ್ಬರು 200 ಅಂದರು, ಇನ್ನೊಬ್ಬರು 300 ಅಂದರು. ಹಿಂದಿನ ವರ್ಷಗಳಲ್ಲಿ ಫೇಲ್ ಆದ ಬೋರುಗಳಲ್ಲಿ ಏನೇನು ಬಂದಿತ್ತು ಅಂತ ಕೇಳಿದೆ. ಅದನ್ನೂ ಯಾರೂ ನೋಡಿಟ್ಟಿರಲಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಬಿಟ್ಟಿದ್ದರು, ಅಷ್ಟೇ. ನನಗೆ ನಿಜಕ್ಕೂ ಸಂಕಟವಾಯಿತು. ಲಕ್ಷಗಟ್ಟಲೆ ಸುರಿದು ನೆಲದೊಳಗೆ ಇಣುಕುತ್ತೇವೆ. ಕಂಡದ್ದನ್ನು ಬರೆದಿಡುವುದಿಲ್ಲ.

ನಮ್ಮ ಗಣಿ ಸೀಮೆಯಲ್ಲಿ ಕಲ್ಲಿದ್ದಲು ಸಿಗದ ಬೋರಿಗೂ ಲಾಗ್, ಅಂದರೆ ಯಾವ ಆಳದಲ್ಲಿ ಏನಿದೆ ಅಂತ ಗೆರೆಗಳಲ್ಲಿ ತೋರಿಸುವ ದಾಖಲೆ, ಇರುತ್ತದೆ. ಉಪಕರಣವನ್ನು ತಳದವರೆಗೆ ಇಳಿಸಿ, ನಿಧಾನಕ್ಕೆ ಮೇಲೆಳೆಯುತ್ತಾ ಅಳೆಯುತ್ತೇವೆ. ಒಂದು ಗೆರೆ ಕಲ್ಲಿನಿಂದ ತಾನಾಗಿ ಹೊರಡುವ ಗಾಮಾ ಕಿರಣದ್ದು. ಇನ್ನೊಂದು ಸಾಂದ್ರತೆಯದ್ದು. ಮತ್ತೊಂದು ವಿದ್ಯುತ್ ತಡೆಯದ್ದು. ಕಲ್ಲಿದ್ದಲು ಬಂದ ಜಾಗದಲ್ಲಿ ಗಾಮಾ ಇಳಿಯುತ್ತದೆ, ಸಾಂದ್ರತೆಯೂ ಇಳಿಯುತ್ತದೆ, ವಿದ್ಯುತ್ ತಡೆ ಏರುತ್ತದೆ. ಮೂರೂ ಒಟ್ಟಿಗೆ ಹೇಳಿದರೆ ನಂಬಬಹುದು. ಕಪ್ಪು ಬಣ್ಣ ಒಂದನ್ನೇ ನಂಬಿದರೆ ಕೆಟ್ಟೆವು. ಇಂಗಾಲ ಬೆರೆತ ಜೇಡಿಗಲ್ಲು ನೋಡಲು ಕಲ್ಲಿದ್ದಲಿನ ಹಾಗೇ ಇರುತ್ತದೆ, ಆದರೆ ಅದರ ಗಾಮಾ ಜಾಸ್ತಿ. ಕೊರೆದು ಮೇಲೆ ತಂದ ಕೋಲಿನಾಕಾರದ ಕಲ್ಲಿನ ಮಾದರಿಯಲ್ಲಿ (ಕೋರ್) ಕಲ್ಲಿದ್ದಲು ಪುಡಿಯಾಗಿ ಅರ್ಧ ಕಳೆದುಹೋಗಿರುವುದೂ ಉಂಟು. ಆಗ ಪದರ ಎಷ್ಟು ದಪ್ಪ ಅಂತ ಹೇಳುವುದು ಲಾಗ್ ಗೆರೆಯೇ. ಡೈಕ್‌ಗಳೂ ಅಲ್ಲಿ ಮುಖ್ಯ. ಜಾರ್ಖಂಡಿನ ಝರಿಯಾ, ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಗಣಿಗಳ ಕಡೆ ಕರಗಿದ ಕಲ್ಲು ನುಗ್ಗಿ ಪಕ್ಕದ ಕಲ್ಲಿದ್ದಲನ್ನು ಸುಟ್ಟು ಹಾಕಿದೆ. ಹಾಗೆ ಸುಟ್ಟದ್ದನ್ನು ಗಣಿಯವರು ಝಾಮಾ ಅಂತಾರೆ. ಗಣಿ ತೋಡುವ ಮೊದಲೇ ನೆಲದ ಮೇಲೆ ಕಾಂತತೆ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ನಡೆದು ಇಂಥ ಡೈಕ್ ಹುಡುಕುತ್ತಾರೆ.

ಬರೆದಿಡುವ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಇನ್ನೂ ಒಂದು ಕಾರಣ ಇದೆ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಾಸ್ನಾಲಾದಲ್ಲಿ, ಹಳೆಯ ಗಣಿಯಲ್ಲಿ ನಿಂತಿದ್ದ ನೀರು ಒಡೆದು ನುಗ್ಗಿ 375 ಜನ ಸತ್ತರು. ಹಳೆಯ ಸುರಂಗ ಎಲ್ಲಿದೆ, ಅದರಲ್ಲಿ ನೀರಿದೆಯೇ ಅನ್ನುವುದು ಗಣಿಯಲ್ಲಿ ಜೀವದ ಪ್ರಶ್ನೆ. ಬರೆದಿಡದಿದ್ದರೆ ಅಳೆದೇ ತಿಳಿಯಬೇಕು. ನೀರು ತುಂಬಿದ ಪೊಳ್ಳು ಕರೆಂಟನ್ನು ಸುಲಭವಾಗಿ ಬಿಡುತ್ತದೆ, ಒಣ ಪೊಳ್ಳು ತಡೆಯುತ್ತದೆ. ಈ ವ್ಯತ್ಯಾಸ ಹಿಡಿಯಲು ಜಿಯೋಫಿಸಿಕ್ಸ್, ಅಂದರೆ ನೆಲದೊಳಗನ್ನು ಉಪಕರಣದಿಂದ ಅಳೆದು ತಿಳಿಯುವ ವಿದ್ಯೆ, ಬೇಕು. ಕಲ್ಲಿದ್ದಲು ಹುಡುಕುವುದಕ್ಕಿಂತ ಈ ಕೆಲಸವೇ ದೊಡ್ಡದು ಅಂತ ನಾನು ನಂಬಿದ್ದೇನೆ.

ಮಧ್ಯಾಹ್ನ ಹಾಸನದಿಂದ ಗೆಳೆಯನೊಬ್ಬ ನೆಲದ ವಿದ್ಯುತ್ ತಡೆ ಅಳೆಯುವ ರೆಸಿಸ್ಟಿವಿಟಿ ಮೀಟರ್ ತಂದ. ನಾಲ್ಕು ಕಬ್ಬಿಣದ ಗೂಟ ಸಾಲಾಗಿ ಹೊಡೆದು, ಬುಡಕ್ಕೆ ಉಪ್ಪುನೀರು ಸುರಿದೆವು. ಹೊರಗಿನ ಎರಡು ಗೂಟದಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಓದುವುದು. ಹೊರಗಿನವನ್ನು ದೂರ ಒಯ್ದಷ್ಟೂ ಆಳದ ಸುದ್ದಿ ಬರುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ನೆಲಕ್ಕೆ ಕರೆಂಟು ಬಿಟ್ಟು ಅಳೆದು ನೋಡಿದ. ಅವನೇ ತನ್ನ ತಮ್ಮನ ಜೊತೆ ಸೇರಿ ನಡೆಸಿದ ಕಂಪನಿ 1927ರಲ್ಲಿ ಬೋರಿನೊಳಗೆ ಮೊದಲ ವಿದ್ಯುತ್ ಲಾಗ್ ತೆಗೆಯಿತು. ಮಾವನ ತೋಟದ ಈ ಅಳತೆಗೂ ನನ್ನ ಗಣಿ ಕೆಲಸಕ್ಕೂ ಬೇರು ಒಂದೇ.

ಗಟ್ಟಿ ಬಂಡೆ ಇದ್ದಲ್ಲಿ ತಡೆ ಸಾವಿರಾರು ಓಮ್-ಮೀಟರ್‌ಗೆ (ತಡೆ ಅಳೆಯುವ ಮಾನ) ಏರುತ್ತದೆ. ಕೊಳೆತು ಸಡಿಲವಾಗಿ ನೀರು ಹಿಡಿದ ಪದರ ಇದ್ದಲ್ಲಿ ಇಳಿಯುತ್ತದೆ. ಕರಿಕಲ್ಲಿನ ಸಾಲಿನಿಂದ ಇಳಿಜಾರಿನ ಮೇಲುಗಡೆ, ತೆಂಗಿನ ತೋಟದ ಮೂಲೆಯಲ್ಲಿ ತಡೆ ಬಹಳ ಆಳದವರೆಗೆ ಕಡಿಮೆಯೇ ಇತ್ತು. ಡೈಕ್ ನೆಲದೊಳಗಿನ ನೀರನ್ನು ಅಡ್ಡಗಟ್ಟಿ ಮೇಲುಗಡೆ ನಿಲ್ಲಿಸುವುದುಂಟು. ಇಲ್ಲೂ ಹಾಗಿರಬಹುದು ಅನ್ನಿಸಿತು. ಆದರೆ ಒಂದೇ ಅಳತೆ ನೆಚ್ಚಿಕೊಂಡು ಪಾಯಿಂಟ್ ಹಾಕಲು ಮನಸ್ಸು ಬರಲಿಲ್ಲ.

ಆಗ ಅತ್ತೆ ಒಳಗಿನಿಂದ ಒಂದು ಹಳೆಯ ಡಬ್ಬಿ ತಂದರು. ಅದರಲ್ಲಿ ಹಿಂದಿನ ಬೋರುಗಳ ಬಿಲ್ಲುಗಳಿದ್ದವು. ಎಷ್ಟು ಅಡಿ ಕೊರೆದರು, ಎಷ್ಟು ಅಡಿ ಕೇಸಿಂಗ್ ಹಾಕಿದರು ಅಂತ ಅದರಲ್ಲಿ ಬರೆದಿತ್ತು. ನನಗೆ ಅದೇ ಬೇಕಾಗಿತ್ತು! ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅಂದರೆ ಕೇಸಿಂಗ್ ಉದ್ದ ನೋಡಿದರೆ ಸಡಿಲ ನೆಲ ಎಲ್ಲಿಯವರೆಗಿದೆ ಅಂತ ಗೊತ್ತಾಗುತ್ತದೆ. ಸಾಲಿನಿಂದ ಇಳಿಜಾರಿನ ಕೆಳಗಡೆ ಇದ್ದ ಬೋರುಗಳಿಗೆ ಕೇಸಿಂಗ್ ಕಡಿಮೆ ಹೋಗಿತ್ತು. ಮೇಲುಗಡೆಯ ಒಂದಕ್ಕೆ ಅದರ ಎರಡರಷ್ಟು. ನಮ್ಮ ಮೀಟರ್ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಯಿತು.

ಮೂಲೆಯಲ್ಲಿ ಗೂಟ ನೆಟ್ಟು ಪಾಯಿಂಟ್ ಗುರುತು ಮಾಡಿದೆವು. ಮುಂದಿನ ಸಲ ಗಾಡಿ ಬಂದಾಗ ಪ್ರತಿ 10 ಅಡಿಗೆ ಒಂದು ಹಿಡಿ ಪುಡಿ ಕವರಿಗೆ ಹಾಕಿ, ಮೇಲೆ ಆಳ ಬರೆಯಬೇಕು ಅಂತ ಮಾವನಿಗೆ ಹೇಳಿದೆ. "ನೀರು ಬರದಿದ್ದರೂ ಬರೆಯಬೇಕೇನೋ?" ಅಂದರು. ಬರದಿದ್ದರೆ ಇನ್ನೂ ಜಾಸ್ತಿ ಬರೆಯಬೇಕು ಅಂದೆ. ಕಲ್ಲಿದ್ದಲು ಕೇಳಿದ್ದ ಹಿರಿಯರು ತಮ್ಮ ಬಿಲ್ಲುಗಳನ್ನೂ ಹುಡುಕಿ ತರುತ್ತೇನೆ ಅಂದು ಆಗಲೇ ಮನೆ ಕಡೆ ಹೊರಟರು.